ಓಡಿಹೋಗದ ಮುತ್ತಜ್ಜ

ನಾನಿರುವುದು ಅಮೆರಿಕದ ಅಯೋವಾದಲ್ಲಿ. ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಹೋದ ಚಳಿಗಾಲದಲ್ಲಿ ಒಂದು ವಂಶವೃಕ್ಷ ತಂದು, ಇದನ್ನು ಸ್ವಲ್ಪ ನೋಡಿಕೊಡು ಅಂದರು. ಅವರ ಮುತ್ತಜ್ಜ ಹೆಂಡತಿ ಮಕ್ಕಳನ್ನು ಬಿಟ್ಟು ಪಕ್ಕದ ನೆಬ್ರಾಸ್ಕಾಕ್ಕೆ ಓಡಿಹೋಗಿ ಇನ್ನೊಂದು ಮದುವೆಯಾದ ಅನ್ನುವುದು ಮನೆಮಾತು. ಇಂಟರ್ನೆಟ್ಟಿನಲ್ಲಿ ಯಾರೋ ಹಾಕಿದ್ದ ಈ ವಂಶವೃಕ್ಷವೂ ಅದನ್ನೇ ಹೇಳುತ್ತಿತ್ತು. 1880ರ ಜನಗಣತಿಯಲ್ಲಿ ಅಯೋವಾದ ರೈತ. 1900ರಲ್ಲಿ ಅದೇ ಹೆಸರು, ಹೆಚ್ಚುಕಡಿಮೆ ಅದೇ ವಯಸ್ಸು, ನೆಬ್ರಾಸ್ಕಾ, ಬೇರೆ ಹೆಂಡತಿ. ಇನ್ನೇನು ಬೇಕು ಸಾಕ್ಷಿ?

ನಡುವೆ 1890ರ ಜನಗಣತಿ ಇರಬೇಕಲ್ಲ? ಇಲ್ಲ! 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಅದು ಬಹುಪಾಲು ಹಾಳಾಯಿತು. ಅಳಿದುಳಿದದ್ದನ್ನೂ ಆಮೇಲೆ ಸರ್ಕಾರವೇ ನಾಶಮಾಡಿತು. ಆರು ಕೋಟಿಗೂ ಮೀರಿದ ಜನರಲ್ಲಿ ಇವತ್ತು ಸಿಗುವುದು ಸುಮಾರು 6,000 ಹೆಸರು.

ಅದೃಷ್ಟಕ್ಕೆ ಅಯೋವಾ ರಾಜ್ಯ 1885 ಮತ್ತು 1895ರಲ್ಲಿ ತನ್ನದೇ ಜನಗಣತಿ ಮಾಡಿತ್ತು. 1885ರಲ್ಲಿ ಮುತ್ತಜ್ಜ ಮನೆಯಲ್ಲೇ ಇದ್ದಾನೆ. 1895ರಲ್ಲಿ ಹೆಂಡತಿ ಮಕ್ಕಳಷ್ಟೇ. 1900ರಲ್ಲಿ ಆಕೆ 'ವಿಧವೆ'. ಆ ವರ್ಷ ಹೆಂಗಸರನ್ನು ಹೆತ್ತದ್ದೆಷ್ಟು, ಬದುಕಿರುವುದೆಷ್ಟು ಅಂತಲೂ ಕೇಳಿದ್ದರು. ಆಕೆಯ ಉತ್ತರ: 9, 5. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ...

ಆದರೆ ಗಂಡ ಬಿಟ್ಟುಹೋದವರೂ ಮಾನಕ್ಕಂಜಿ ವಿಧವೆ ಅಂತ ಬರೆಸುತ್ತಿದ್ದುದುಂಟು. ಹಾಗಾಗಿ ಅಜ್ಜಿಯನ್ನು ಕರೆದುಕೊಂಡು ಕೌಂಟಿ ಕೋರ್ಟಿಗೆ ಹೋದೆ. ಸತ್ತವರ ಆಸ್ತಿ ವಿಲೇವಾರಿಯ ಕಡತಗಳಲ್ಲಿ 1889ರ ಕಾಗದ ಸಿಕ್ಕಿತು. ಎರಡು ಕುದುರೆ, ಮೂರು ಹಸು, ಒಂದು ನೇಗಿಲು. ಅವನ ಹೆಂಡತಿ ಮಕ್ಕಳ ಹೆಸರು. ಹೆಂಡತಿಗೆ ಒಂದು ವರ್ಷದ ಜೀವನಾಂಶ. ಪಾಪ, ಮನುಷ್ಯ ಎಲ್ಲಿಗೂ ಓಡಿಹೋಗಿರಲಿಲ್ಲ. ನೆಬ್ರಾಸ್ಕಾದವನು ಬೇರೆ ಯಾರೋ.

ಅಜ್ಜಿ ಕಾಗದದ ಮೇಲೆ ಕೈಯಿಟ್ಟು "ನಮ್ಮಪ್ಪ ಸಾಯುವವರೆಗೂ ಇವನನ್ನು ಬೈಯುತ್ತಿದ್ದರು" ಅಂದರು.

ನನ್ನ ತಕರಾರು ಇಷ್ಟೇ. ವಂಶವೃಕ್ಷ ಬರೆಯುವವರು ಗೊತ್ತಿಲ್ಲದ ಕಡೆ ಜಾಗ ಖಾಲಿ ಬಿಡಲಿ. ಹೆಸರು ಹೊಂದಿತು ಅಂತ ಅಂಟಿಸಿಬಿಡುವುದು, ಅದನ್ನು ಇನ್ನೂ ಹತ್ತು ಜನ ನಕಲು ಮಾಡುವುದು, ಕೊನೆಗೆ ಹತ್ತು ಕಡೆ ಇದೆಯಲ್ಲ ಅಂತ ಅದನ್ನೇ ಸಾಕ್ಷಿ ಅನ್ನುವುದು... ಸತ್ತವನು ಎದ್ದು ಬಂದು 'ಅದು ನಾನಲ್ಲ' ಅನ್ನಲಾರ. ನಮ್ಮೂರಿಗೆ ಬರುತ್ತಿದ್ದ ಹೆಳವರು ವಂಶಾವಳಿ ಹೇಳುವಾಗ ತಪ್ಪಿದರೆ ಜಗಲಿಯಲ್ಲಿ ಕೂತ ಹಿರಿಯರು ತಡೆಯುತ್ತಿದ್ದರು. ಇಲ್ಲಿ ತಡೆಯುವವರು ಯಾರು?

ನಿಮ್ಮ ಮನೆಯಲ್ಲೂ ಇಂಥ 'ಓಡಿಹೋದ' ಅಜ್ಜ ಯಾರಾದರೂ ಇದ್ದಾರಾ? ಬೈಯುವ ಮುಂಚೆ ಒಂದು ಸಲ ಕಾಗದ ಹುಡುಕಿ ನೋಡಿ.