ಆದವಾನಿಯ ಮನೆಯಲ್ಲಿ ಎರಡು ತಂಡ

ಗಡಿನಾಡಿನ ಕನ್ನಡಿಗನಿಗೆ ವರ್ಷಕ್ಕೊಮ್ಮೆಯಾದರೂ ಒಂದು ಪರೀಕ್ಷೆ ತಪ್ಪಿದ್ದಲ್ಲ. ಪ್ರಶ್ನೆ ಒಂದೇ: ನೀವು ಯಾರ ಕಡೆ? ಕಾಸರಗೋಡಿನ ಓದುಗರಿಗೆ ಈ ಪ್ರಶ್ನೆಯ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ನಮ್ಮ ಆದವಾನಿ ಸೀಮೆಯಲ್ಲಿ, ಎಂದರೆ ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮಕ್ಕಿರುವ ಆದವಾನಿ, ಆಲೂರು, ಹೊಳಗುಂದ, ಕೌತಾಳ, ಮಂತ್ರಾಲಯಗಳ ಕಡೆ, ಇದನ್ನು ಯುಗಾದಿಯ ಆಸುಪಾಸಿನಲ್ಲಿ ಕೇಳುತ್ತಾರೆ. ಐ.ಪಿ.ಎಲ್. ಕ್ರಿಕೆಟ್ ಆರಂಭವಾಗುವ ಕಾಲ ಅದು. ಬೆಂಗಳೂರೋ, ಹೈದರಾಬಾದೋ? ಹತ್ತಿಯ ವ್ಯಾಪಾರಿಗಳು ಕೇಳುತ್ತಾರೆ, ಉಗ್ಗಾಣಿ ಬಜ್ಜಿಯ ಅಂಗಡಿಯವನು ಕೇಳುತ್ತಾನೆ, ಶಾಲೆಯಲ್ಲಿ ಸಹೋದ್ಯೋಗಿಗಳು ಕೇಳುತ್ತಾರೆ. ಬೆಂಗಳೂರು ಎಂದೆವೋ, ಮುಂದಿನ ಮಾತು ಸಿದ್ಧವಾಗಿರುತ್ತದೆ: "ಉಣ್ಣುವುದು ಇಲ್ಲಿಯ ಅನ್ನ, ಕೂಗುವುದು ಅಲ್ಲಿಯ ಕೂಗು!" ನಗುತ್ತಲೇ ಹೇಳುತ್ತಾರೆ, ನಿಜ. ಆದರೂ ಹೇಳುತ್ತಾರೆ.

ಹೊರಗಿನವರಿಗಾದರೆ ಏನಾದರೊಂದು ಉತ್ತರ ಕೊಟ್ಟು ಪಾರಾಗಬಹುದು. ನಮಗೆ ಪರೀಕ್ಷಕರು ಮನೆಯೊಳಗೇ ಇದ್ದಾರೆ. ನಮ್ಮ ಗೃಹಿಣಿಯ ತವರು ಎಮ್ಮಿಗನೂರು, ತವರಿನ ಮಾತು ತೆಲುಗು. ಮದುವೆಯಾದ ಈ ಇಪ್ಪತ್ತು ವರ್ಷಗಳಲ್ಲಿ ನಮಗಿಬ್ಬರಿಗೆ ಮತಭೇದ ಬಂದಿರುವುದು ಕ್ರಿಕೆಟಿನಲ್ಲಿ ಮಾತ್ರ. ಉಳಿದೆಲ್ಲ ವಿಷಯಗಳಲ್ಲಿ ಅವರ ಮತವೇ ನಮ್ಮ ಮತ. ಮಗ ಬೆಂಗಳೂರಿನ ಕಡೆ. ಮಗಳು ಗೆಲ್ಲುತ್ತಿರುವವರ ಕಡೆ; ಮುಂದೆ ರಾಜಕೀಯಕ್ಕೆ ಹೋಗುವ ಲಕ್ಷಣ. ಅವ್ವನಿಗೆ ಈ ಆಟವೇ ತಿಳಿಯದು. ಆದರೂ ರಾಯರ ಮುಂದೆ ದೀಪ ಹಚ್ಚುವಾಗ ಮಗ ಒಂದು ಕಿವಿಯಲ್ಲಿ, ಸೊಸೆ ಇನ್ನೊಂದು ಕಿವಿಯಲ್ಲಿ ಅರ್ಜಿ ಸಲ್ಲಿಸುವುದುಂಟು. "ಇಬ್ಬರೂ ಗೆಲ್ಲಲಿ ಬಿಡು" ಎನ್ನುತ್ತಾರೆ ಅವ್ವ. ಇಬ್ಬರೂ ಗೆಲ್ಲುವಂತಿಲ್ಲವೆಂದು ವಿವರಿಸಿದರೆ, "ಹಂಗಾದ್ರ ಆಡೋದ್ಯಾಕ?" ಎಂದು ಕೇಳಿ ತಮ್ಮ ಧಾರಾವಾಹಿಗೆ ಹೊತ್ತಾಯಿತೆಂದು ರಿಮೋಟು ಎತ್ತಿಕೊಳ್ಳುತ್ತಾರೆ. ಆ ಕ್ಷಣದಲ್ಲಿ ಮಾತ್ರ ಬೆಂಗಳೂರೂ ಹೈದರಾಬಾದೂ ಒಂದೇ ಪಕ್ಷವಾಗುತ್ತವೆ.

ಪಂದ್ಯದ ಫಲಿತಾಂಶ ಮರುದಿನ ನಮ್ಮ ತಟ್ಟೆಯಲ್ಲಿ ತಿಳಿಯುತ್ತದೆ. ಬೆಂಗಳೂರು ಗೆದ್ದಿದ್ದರೆ ಜೋಳದ ರೊಟ್ಟಿಯ ಜೊತೆಗೆ ಬರುವುದು ಪುಂಡಿಪಲ್ಯ. ಹೈದರಾಬಾದು ಗೆದ್ದಿದ್ದರೆ ಅದೇ ಸೊಪ್ಪು, ಅದೇ ಪಾತ್ರೆ, ಅದೇ ಬೆಳ್ಳುಳ್ಳಿಯ ಒಗ್ಗರಣೆ, ಆದರೆ ಹೆಸರು ಗೋಂಗೂರ. 2024ರ ಏಪ್ರಿಲ್ 15ರಂದು ಹೈದರಾಬಾದಿನವರು ಬೆಂಗಳೂರಿಗೇ ಬಂದು 3 ವಿಕೆಟಿಗೆ 287 ರನ್ ಹೊಡೆದರಲ್ಲ, ಆಮೇಲೆ ನಾವು ಒಂದು ವಾರ ಗೋಂಗೂರ ಉಂಡೆವು. ನಮ್ಮವರೂ 262 ಹೊಡೆದಿದ್ದರು ಎಂಬ ಸಮಾಧಾನಕ್ಕೆ ಅಡುಗೆಮನೆಯಲ್ಲಿ ಬೆಲೆ ಇರಲಿಲ್ಲ.

ಈ ವಿಷಯದಲ್ಲಿ ಚರಿತ್ರೆಯೂ ಬಹುಕಾಲ ನಮ್ಮ ಗೃಹಿಣಿಯ ಪರವಾಗಿಯೇ ಇತ್ತು. 2009ರ ಮೇ 24ರಂದು ಜೊಹಾನ್ಸ್‌ಬರ್ಗಿನಲ್ಲಿ ನಡೆದ ಫೈನಲಿನಲ್ಲಿ ಬೆಂಗಳೂರಿನ ನಾಯಕರಾಗಿದ್ದವರು ಅನಿಲ್ ಕುಂಬ್ಳೆ. ನಿಮ್ಮ ಕುಂಬಳೆಯ ಹೆಸರನ್ನು ಲೋಕಕ್ಕೆಲ್ಲ ಹೊತ್ತೊಯ್ದವರು. ಗಿಲ್‌ಕ್ರಿಸ್ಟರನ್ನು ಸೊನ್ನೆಗೆ ಉರುಳಿಸಿ, ಒಟ್ಟು 16 ರನ್ನಿಗೆ 4 ವಿಕೆಟ್ ಕಿತ್ತು, ಪಂದ್ಯಪುರುಷನೆಂಬ ಗೌರವವನ್ನೂ ಪಡೆದರು. ಕಪ್ಪನ್ನು ಮಾತ್ರ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ 6 ರನ್ನಿನ ಅಂತರದಲ್ಲಿ ಒಯ್ದಿತು. 2016ರ ಮೇ 29ರ ಫೈನಲು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ. ಸನ್‌ರೈಸರ್ಸ್ 208 ಹೊಡೆದಿತ್ತು. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟಿಗೇ 114 ಸೇರಿಸಿದಾಗ ನಮ್ಮ ಮನೆಯಲ್ಲಿ ಕೇಸರಿಬಾತಿಗೆ ರವೆ ಹುರಿಯಲು ಅಪ್ಪಣೆಯಾಯಿತು. ಸಕ್ಕರೆ ಬೀಳುವ ಹೊತ್ತಿಗೆ 8 ರನ್ನಿನ ಸೋಲು. ಮಾಡಿದ ಸಿಹಿಯನ್ನು ಎಸೆಯುವಂತಿಲ್ಲ. ಗೆದ್ದವರು ತಿಂದರು, ಸೋತವರೂ ತಿಂದೆವು.

ಇರಲಿ. ಉಣ್ಣುವ ಅನ್ನಕ್ಕೂ ಕೂಗುವ ಕೂಗಿಗೂ ಗಂಟು ಹಾಕುವವರಿಗೆ ಒಂದೆರಡು ಮಾತು ಹೇಳಬೇಕಾಗಿದೆ. ಆದವಾನಿ ಮೊದಲು ಬಳ್ಳಾರಿ ಜಿಲ್ಲೆಯ ತಾಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಹೋಯಿತು. ಮೂರು ವರ್ಷಗಳ ತರುವಾಯ, 1956ರ ನವೆಂಬರ್ 1ರಂದು, ಕಾಸರಗೋಡಿನವರಿಗೂ ಇಂಥದೇ ಅನುಭವವಾಯಿತು. ಅಲ್ಲಿಂದೀಚೆಗೆ ನಾವು ಆಂಧ್ರದವರೇ. ತೆರಿಗೆ ಇಲ್ಲಿ, ಮತ ಇಲ್ಲಿ, ಸಂಬಳ ಇಲ್ಲಿ, ಅತ್ತೆಯ ಮನೆ ಕೂಡ ಇಲ್ಲಿಯೇ. ಆದರೆ ಹೈದರಾಬಾದು? 2014ರ ಜೂನ್ 2ರಿಂದ ಅದು ತೆಲಂಗಾಣದ ಊರು. ಹತ್ತು ವರ್ಷ ಎರಡೂ ರಾಜ್ಯಗಳಿಗೆ ಜಂಟಿ ರಾಜಧಾನಿಯಾಗಿತ್ತು. ಆ ಅವಧಿಯೂ 2024ರಲ್ಲಿ ಮುಗಿಯಿತು. ರಣಜಿ ಪಂದ್ಯಗಳಲ್ಲಂತೂ ಆಂಧ್ರವೇ ಬೇರೆ, ಹೈದರಾಬಾದೇ ಬೇರೆ. ಹಾಗಿರುವಾಗ ಕರ್ನೂಲು ಜಿಲ್ಲೆಯಲ್ಲಿ ಕುಳಿತು ಹೈದರಾಬಾದಿಗೆ ಜೈ ಎನ್ನುವವರೂ ನೆರೆರಾಜ್ಯದ ತಂಡಕ್ಕೇ ಜೈ ಎಂದಂತಲ್ಲವೆ?

ಈ ವಾದವನ್ನು ನಾವು ಭಾವಮೈದನ ಮುಂದೆ ಮಂಡಿಸಿದೆವು. ಒಂದು ಲೋಟ ಚಹಾ ಮುಗಿಯುವ ತನಕ ಆತ ಮಾತಾಡಲಿಲ್ಲ. ಆಮೇಲೆ ಕೇಳಿದ: "ಬಾವಾ, ನಿಮ್ಮ ತಂಡದಲ್ಲಿ ಕನ್ನಡದವರೆಷ್ಟು ಮಂದಿ?"

ಪ್ರಶ್ನೆ ನ್ಯಾಯವಾದದ್ದು. 2025ರಲ್ಲಿ ಕಪ್ ಗೆದ್ದ ಫೈನಲಿನಲ್ಲಿ ಆಡಿದವರ ಪೈಕಿ ಕರ್ನಾಟಕದವರು ಮಯಂಕ್ ಅಗರ್ವಾಲ್ ಒಬ್ಬರೇ. ನಾಯಕ ಪಾಟಿದಾರ್ ಮಧ್ಯಪ್ರದೇಶದವರು, ಕೊಹ್ಲಿ ದಿಲ್ಲಿಯವರು. ತಂಡದ ಹೆಸರಿನಲ್ಲಿದ್ದ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂದದ್ದೇ 2024ರಲ್ಲಿ. ಮಂಗಳೂರಿನ ಕೆ.ಎಲ್. ರಾಹುಲ್ 2014 ಮತ್ತು 2015ರಲ್ಲಿ ಹೈದರಾಬಾದಿಗೆ ಆಡಿದವರು. ಹರಾಜಿನಲ್ಲಿ ಯಾರು ಯಾವ ಮನೆಗೆ ಹೋಗುತ್ತಾರೆಂದು ಬ್ರಹ್ಮನಿಗೂ ತಿಳಿಯದು. ಭುವನೇಶ್ವರ್ ಕುಮಾರರನ್ನೇ ನೋಡಿ. 2014ರಿಂದ 2024ರವರೆಗೆ ಹೈದರಾಬಾದಿನಲ್ಲಿ ಬಾಳಿದರು; 2016ರಲ್ಲಿ ನಮ್ಮ ಕೇಸರಿಬಾತು ಕೆಡಿಸಿದವರಲ್ಲಿ ಅವರೂ ಒಬ್ಬರು. 2025ರಲ್ಲಿ ಬೆಂಗಳೂರಿಗೆ ಬಂದರು, ಕಪ್ ಬಂತು. ನಮ್ಮ ಗೃಹಿಣಿಯ ವ್ಯಾಖ್ಯಾನದಂತೆ ಹದಿನೇಳು ವರ್ಷ ನಿಮ್ಮಿಂದಾಗದ ಕೆಲಸ ನಮ್ಮ ಮನೆಯ ಮಗ ಬಂದ ಮೇಲೆ ಆಯಿತು. ಗಂಡಸರಿಗಿಂತ ಮೊದಲೇ, 2024ರ ಮಾರ್ಚಿನಲ್ಲಿ, ಬೆಂಗಳೂರಿನ ಹೆಂಗಸರ ತಂಡ ಕಪ್ ತಂದುಕೊಟ್ಟಿತ್ತು ಎಂಬುದನ್ನೂ ಅವರೇ ನೆನಪಿಸುತ್ತಾರೆ. ಆ ಫೈನಲಿನಲ್ಲಿ ಕನ್ನಡದ ಹುಡುಗಿ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್ ಕಿತ್ತಿದ್ದಳು. ಆ ದಿನ ಮಾತ್ರ ನಮ್ಮ ಮನೆಯಲ್ಲಿ ವಿರೋಧ ಪಕ್ಷ ಇರಲಿಲ್ಲ.

ಹಾಗಾದರೆ ನಮ್ಮ ಈ ಪಕ್ಷಪಾತಕ್ಕೆ ಆಧಾರವೇನು? ಕಾನೂನಿನ ಆಧಾರ ಇಲ್ಲ. ತವರಿನ ಮೇಲೆ ಹೆಣ್ಣುಮಕ್ಕಳಿಗಿರುವ ಅಕ್ಕರೆಗೆ ಏನು ಆಧಾರವೋ ಅದೇ ಇದಕ್ಕೂ. ದುಡಿಯುವುದು, ಉಳಿಸುವುದು, ಜಗಳಾಡುವುದು ಎಲ್ಲ ಗಂಡನ ಮನೆಯಲ್ಲಿ. ತವರಿನಿಂದ ಒಂದು ಒಳ್ಳೆಯ ಸುದ್ದಿ ಬಂದರೆ ಮುಖ ಅರಳುತ್ತದೆ. ಅಷ್ಟಕ್ಕೇ ಸೊಸೆಯ ಮೇಲೆ ಸಂಶಯ ಪಡುವ ಅತ್ತೆಯ ಬುದ್ಧಿಗೆ ಏನೆನ್ನಬೇಕು? 2022ರ ವಿಶ್ವಕಪ್ ಫುಟ್‌ಬಾಲಿನ ಸಮಯದಲ್ಲಿ ಕೋಯಿಕ್ಕೋಡು ಜಿಲ್ಲೆಯ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮಾರ್, ರೊನಾಲ್ಡೊ ಅವರ ಮುಗಿಲೆತ್ತರದ ಕಟೌಟುಗಳು ನಿಂತವು. ಆ ಊರವರನ್ನು ಯಾರಾದರೂ ಅರ್ಜೆಂಟೀನಾದ ಏಜೆಂಟರೆಂದರೆ? ಲೋಕವೆಲ್ಲ ಮೆಚ್ಚಿ ನೋಡಿತು. ಅರ್ಜೆಂಟೀನಕ್ಕೆ ಇರುವ ರಿಯಾಯಿತಿ ಬೆಂಗಳೂರಿಗೂ ದೊರೆತರೆ ಸಾಕು.

ಅಕ್ಕರೆ ಒಂದೇ ಕಡೆ ಹರಿಯಬೇಕೆಂದೂ ಇಲ್ಲ. 2025ರ ಫೆಬ್ರವರಿಯಲ್ಲಿ ಕಾಸರಗೋಡು ತಳಂಗರೆಯ ಮುಹಮ್ಮದ್ ಅಜರುದ್ದೀನ್ ಗುಜರಾತಿನ ವಿರುದ್ಧ ರಣಜಿ ಸೆಮಿಫೈನಲಿನಲ್ಲಿ ಔಟಾಗದೆ 177 ಹೊಡೆದರು. ಬರೇ 2 ರನ್ನಿನ ಮುನ್ನಡೆಯಿಂದ ಕೇರಳ ಮೊದಲ ಬಾರಿಗೆ ಫೈನಲು ಕಂಡಿತು. ಅಂದು ಸಂತೋಷಪಡದ ಕನ್ನಡ ಮನೆ ಕಾಸರಗೋಡಿನಲ್ಲಿ ಇದ್ದೀತೆ? ಅದೇ ಹುಡುಗನನ್ನು 2021ರ ಹರಾಜಿನಲ್ಲಿ 20 ಲಕ್ಷಕ್ಕೆ ಕೊಂಡಿದ್ದು ಬೆಂಗಳೂರು. ಆಡಿಸಲಿಲ್ಲ, ಅದು ಬೇರೆ ಮಾತು.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರು ಪಂಜಾಬನ್ನು 6 ರನ್ನಿನಿಂದ ಸೋಲಿಸಿತು. 2009ರಲ್ಲಿ ಕಳೆದುಕೊಂಡದ್ದೂ ಅದೇ 6 ರನ್. ನಮ್ಮ ಓಣಿಯಲ್ಲಿ ಪಟಾಕಿ ಹಚ್ಚಿದವರಲ್ಲಿ ತೆಲುಗು ಮನೆಯ ಹುಡುಗರೂ ಇದ್ದರು. ಮರುದಿನ ಬೆಳಿಗ್ಗೆ ಮೆರವಣಿಗೆಯ ಪ್ರಕಟಣೆ ಬಂದಾಗ ಮಗ ರೈಲಿನ ವೇಳೆ ನೋಡತೊಡಗಿದ. ಬೆಳಿಗ್ಗೆ ಸಾರಿದ ಮೆರವಣಿಗೆ ಅಂದು ಸಂಜೆಗೇ. ಆದವಾನಿಯಿಂದ ಹೊರಟರೆ ಮುಟ್ಟುವಂತಿರಲಿಲ್ಲ. ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಾಗಿ 11 ಮಂದಿ ಸತ್ತರು. ಹೆಚ್ಚಿನವರು ಎಳೆಯರು. ಆ ರಾತ್ರಿ ನಮ್ಮ ಗೃಹಿಣಿ ಬಡಿಸಿದ್ದು ಯಾವ ಪಲ್ಯವೆಂದು ಯಾರೂ ಕೇಳಲಿಲ್ಲ. ಜನರನ್ನು ಕರೆದವರು ಬಾಗಿಲ ಅಗಲವನ್ನು ಮೊದಲು ಅಳೆಯಬೇಕಾಗಿತ್ತು. ಊರ ಜಾತ್ರೆಯಲ್ಲಿ ತೇರು ಎಳೆಸುವವರಿಗೆ ತಿಳಿದಿರುವ ಈ ವಿಷಯ ರಾಜಧಾನಿಯವರಿಗೆ ತಿಳಿಯದೆ ಹೋದದ್ದು ಸೋಜಿಗ.

ಇಷ್ಟಾದರೂ ನಮ್ಮನ್ನು ಹೆಚ್ಚು ಕಾಡುವುದು ಹೊರಗಿನವರ ಪ್ರಶ್ನೆಯಲ್ಲ. "ಈ ಸಲ ಕಪ್ ನಮ್ದೇ" ಎಂದು ಗಂಟಲು ಹರಿಯುವಂತೆ ಕೂಗುವ ಮಕ್ಕಳಲ್ಲಿ ಎಷ್ಟು ಮಂದಿಗೆ ಅದನ್ನು ಕನ್ನಡದಲ್ಲಿ ಬರೆಯಲು ಬರುತ್ತದೆ? ನಮ್ಮ ತರಗತಿಯವರು ಬರೆಯುತ್ತಾರೆ. 'ನಮ್ದೇ' ಅಲ್ಲ, 'ನಮ್ಮದೇ' ಎಂದು ತಿದ್ದಿದಾಗ, "ವ್ಯಾಕರಣ ಸರಿಮಾಡಿದರೆ ಕಪ್ ಬರೋದಿಲ್ಲ ಸಾರ್" ಎಂಬ ಉತ್ತರವೂ ಬಂದಿದೆ. ಆದರೆ ನಮ್ಮ ಹಾಜರಿ ಪುಸ್ತಕ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ. ಕನ್ನಡ ಮನೆಗಳ ಮಕ್ಕಳೇ ಬೇರೆ ಶಾಲೆಗಳಿಗೆ ಹೋಗುತ್ತಾರೆ. ನಮ್ಮ ತಂಗಿಯ ಮಕ್ಕಳಿಬ್ಬರೂ ಅದೇ ಕೂಗನ್ನು ಇಂಗ್ಲಿಷ್ ಅಕ್ಷರದಲ್ಲಿ ಫೋನಿಗೆ ಕಳಿಸುತ್ತಾರೆ. ತಂದೆತಾಯಿಗಳನ್ನು ದೂರುವುದು ಸುಲಭ. ಮುಂದಿನ ಓದು, ನೌಕರಿ ಎಂದು ಅವರಿಗೂ ಚಿಂತೆ ಇದೆ. ಶಾಲೆ ಬದಲಿಸಿರೆಂದು ನಾವು ಹೇಳುತ್ತಿಲ್ಲ. ಅಕ್ಷರವನ್ನು ಮನೆಯಲ್ಲಿ ಕಲಿಸಬಹುದು. ತೆಲುಗು ಓದಬಲ್ಲ ಮಗುವಿಗೆ ಕನ್ನಡದ ಲಿಪಿ ಬಹಳ ದೂರದ್ದಲ್ಲ. ತಲೆಕಟ್ಟನ್ನು ಅಷ್ಟು ತಿದ್ದಿದರೆ ಅರ್ಧ ಕೆಲಸ ಮುಗಿದಂತೆ.

ಹೊತ್ತೆಲ್ಲಿದೆ ಎಂದರೆ ಅದಕ್ಕೂ ನಾವು ಲೆಕ್ಕ ಹಾಕಿದ್ದೇವೆ. ಪ್ರತಿ ಪಂದ್ಯದಲ್ಲಿ ಎರಡೂವರೆ ನಿಮಿಷದ ಟೈಮ್ ಔಟ್ ನಾಲ್ಕು ಬಾರಿ ಬರುತ್ತದೆ. ಆಗ ಜಾಹೀರಾತಲ್ಲದೆ ನೋಡಲು ಬೇರೇನೂ ಇರುವುದಿಲ್ಲ. ಒಂದು ಬಿಡುವಿಗೆ ಒಂದು ಅಕ್ಷರ. ಲೀಗ್ ಹಂತದಲ್ಲಿ ಒಂದು ತಂಡಕ್ಕೆ 14 ಪಂದ್ಯ, ಒಟ್ಟು 56 ಬಿಡುವು. ವರ್ಣಮಾಲೆಯಲ್ಲಿರುವುದು 49 ಅಕ್ಷರ. ಏಳು ಬಿಡುವು ಪುನರಾವರ್ತನೆಗೆ ಉಳಿಯುತ್ತದೆ. ತಂಗಿ ಒಪ್ಪಿದ್ದಾಳೆ, ಪಾಠ ನಮ್ಮ ಮನೆಯಲ್ಲಿ. ನಮ್ಮ ಗೃಹಿಣಿಯೂ ಒಪ್ಪಿದರು, ಆದರೆ ಒಂದು ಷರತ್ತು: ಹೈದರಾಬಾದಿನ ಎದುರು ಆಡುವ ದಿನ ಪಾಠ ಕೂಡದು, ಅಂದು ಅವರಿಗೆ ನಿಶ್ಶಬ್ದ ಬೇಕು. ಎರಡು ಸಲ ಎದುರಾದ ವರ್ಷ 8 ಬಿಡುವು ಹೋಗಿ 48 ಉಳಿಯುತ್ತದೆ. ಕೊನೆಯ ಅಕ್ಷರ 'ಳ' ಬಿಟ್ಟುಹೋಗುತ್ತದೆ. 'ಳ' ಇಲ್ಲದೆ ಮಕ್ಕಳು ಬೆಂಗಳೂರು ಎಂದು ಬರೆಯುವುದು ಹೇಗೆ ಎಂದು ಕೇಳಿದೆವು.

"ಪ್ಲೇ ಆಫ್‌ಗೆ ಬಂದರೆ ಕಲಿಸಿರಿ" ಎಂದರು.