ಚಿಟಿಕೆ ಸೋಡಾ ಮತ್ತು ಒಂದು ರಾತ್ರಿಯ ತಾಳ್ಮೆ

ಬೆಳಗಿನ ತಿಂಡಿಗೆ ಮೆತ್ತನೆಯ ದೋಸೆಯನ್ನು ಬಯಸದವರು ನಮ್ಮಲ್ಲಿ ವಿರಳ. ಕಾವಲಿಗೆ ಹೊಯ್ದ ಹಿಟ್ಟಿನಲ್ಲಿ ನೂರಾರು ಕಣ್ಣುಗಳು ತೆರೆದುಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಆ ಕಣ್ಣುಗಳು ಎಲ್ಲಿಂದ ಬಂದುವೆಂದು ಕೇಳುವವರು ಎಷ್ಟು ಮಂದಿ? ಕಾಯಲು ಬಿಡುವಿಲ್ಲವೆಂದು, ರುಬ್ಬಿದ ಹಿಟ್ಟಿಗೆ ಆಗಲೇ ಅಡಿಗೆ ಸೋಡಾ ಬೆರೆಸಿ ದೋಸೆ ಹೊಯ್ಯುವ ಪದ್ಧತಿಯೂ ಉಂಟು. ಕಣ್ಣುಗಳೇನೋ ಆಗಲೂ ಬರುತ್ತವೆ. ಆದರೂ ಈ ಎರಡು ದೋಸೆಗಳು ಒಂದೇ ಅಲ್ಲವೆಂಬುದು ನಮ್ಮ ಅಭಿಪ್ರಾಯ.

ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಲೋಟ ಅವಲಕ್ಕಿ, ಒಂದು ಚಮಚ ಮೆಂತ್ಯ. ಇವನ್ನು ನಾಲ್ಕೈದು ಗಂಟೆ ನೆನೆಸಿ ರುಬ್ಬಿ, ರಾತ್ರಿಯೆಲ್ಲ ಮುಚ್ಚಿಟ್ಟರೆ ಹಿಟ್ಟು ತಾನಾಗಿಯೇ ಉಕ್ಕುತ್ತದೆ. ನಾವು ಯಾವ ಹುದುಗನ್ನೂ ಸೇರಿಸಿಲ್ಲ. ಬೇಕಾದ ಸೂಕ್ಷ್ಮಜೀವಿಗಳು ಧಾನ್ಯದೊಡನೆಯೇ ಬಂದಿರುತ್ತವೆ. ಇಡ್ಲಿಯ ಹಿಟ್ಟನ್ನು ಉಬ್ಬಿಸುವ ಮುಖ್ಯ ಜೀವಿ ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯವೆಂದು ಮುಖರ್ಜಿ, ಸ್ಟೈನ್‌ಕ್ರಾಸ್ ಮೊದಲಾದ ಸಂಶೋಧಕರು 1965ರಲ್ಲಿ ಪ್ರಕಟಿಸಿದರು. ಅದು ಸಕ್ಕರೆಯ ಅಂಶವನ್ನು ಒಡೆದು ಇಂಗಾಲದ ಡೈ ಆಕ್ಸೈಡ್ ಅನಿಲವನ್ನೂ ಲ್ಯಾಕ್ಟಿಕ್ ಆಮ್ಲವನ್ನೂ ಉಂಟುಮಾಡುತ್ತದೆ. ಉದ್ದಿನ ಪ್ರೋಟೀನು ಮತ್ತು ಲೋಳೆ ಆ ಅನಿಲವನ್ನು ಗುಳ್ಳೆಗಳಾಗಿ ಹಿಡಿದಿಡುತ್ತವೆ. ಅವಲಕ್ಕಿಯ ಪಿಷ್ಟ ಮೊದಲೇ ಶಾಖಕ್ಕೆ ಒಳಗಾಗಿರುವುದರಿಂದ ನೀರನ್ನು ಚೆನ್ನಾಗಿ ಹೀರಿ ದೋಸೆಗೆ ಮಾರ್ದವವನ್ನು ಕೊಡುತ್ತದೆ.

ಸೋಡಾ ಮಾಡುವುದು ಈ ಕೆಲಸದ ಒಂದು ಪಾಲನ್ನು ಮಾತ್ರ. ಸೋಡಿಯಂ ಬೈಕಾರ್ಬೊನೇಟು ಆಮ್ಲದೊಡನೆ ಸೇರಿದಾಗ ಅಥವಾ ಕಾದಾಗ ಅನಿಲವನ್ನು ಬಿಡುತ್ತದೆ. ಹುಳಿಯಿಲ್ಲದ ಹಿಟ್ಟಿನಲ್ಲಿ ಅದು ಕಾದು, ಹೆಚ್ಚು ಕ್ಷಾರೀಯವಾದ ಸೋಡಿಯಂ ಕಾರ್ಬೊನೇಟಾಗಿ ಉಳಿಯುತ್ತದೆ. ಅತಿಯಾದ ಸೋಡಾ ಬಿದ್ದ ದೋಸೆಯ ಹಳದಿ ಛಾಯೆಗೂ ಸಾಬೂನಿನಂತಹ ರುಚಿಗೂ ಇದೇ ಕಾರಣ. ಬಿ1 ಜೀವಸತ್ವವು ಕ್ಷಾರದಲ್ಲಿ ಕಾದರೆ ಬೇಗನೆ ನಾಶವಾಗುತ್ತದೆ. ಹುದುಗುವಿಕೆಯಲ್ಲಾದರೋ ಧಾನ್ಯದ ಫೈಟೇಟು ಕಡಮೆಯಾಗಿ, ಅದು ಹಿಡಿದಿಟ್ಟಿದ್ದ ಕಬ್ಬಿಣವೂ ಸತುವೂ ದೇಹಕ್ಕೆ ಹೆಚ್ಚು ಸುಲಭವಾಗಿ ಒದಗುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡುಬಂದಿತು. ದೋಸೆಯೊಂದೇ ಇದಕ್ಕೆ ಮದ್ದೆಂದು ನಾವು ಹೇಳುವುದಿಲ್ಲ. ಆದರೆ ಖರ್ಚಿಲ್ಲದೆ ದೊರೆಯುವ ಈ ಲಾಭವನ್ನು ಆತುರಕ್ಕಾಗಿ ಕಳೆದುಕೊಳ್ಳುವುದು ಜಾಣತನವಲ್ಲ.

ಸೋಡಾ ವಿಷವೇನೂ ಅಲ್ಲ. ಪಾಶ್ಚಾತ್ಯರು ಗೋದಿಹಿಟ್ಟಿನ ಪ್ಯಾನ್‌ಕೇಕಿಗೆ ಹುಳಿಮಜ್ಜಿಗೆಯನ್ನೂ ಸೋಡಾವನ್ನೂ ತೂಗಿ ಬೆರೆಸುತ್ತಾರೆ. ಅಲ್ಲಿ ಆಮ್ಲಕ್ಕೂ ಕ್ಷಾರಕ್ಕೂ ಲೆಕ್ಕ ಸರಿಹೋಗುತ್ತದೆ. ನಮ್ಮ ಆಕ್ಷೇಪಣೆ ಲೆಕ್ಕವಿಲ್ಲದ ಚಿಟಿಕೆಗೆ. ಸಮಯವಿಲ್ಲವೆಂಬ ಮಾತೂ ಪೂರ್ಣ ಸತ್ಯವಲ್ಲ. ಹುದುಗುವಿಕೆಗೆ ಬೇಕಾದುದು ಗಡಿಯಾರದ ಸಮಯವೇ ಹೊರತು ನಮ್ಮ ಶ್ರಮವಲ್ಲ. ನಾವು ಮಲಗಿದ್ದಾಗಲೇ ಅದು ನಡೆಯುತ್ತದೆ. ಚಳಿಗಾಲದಲ್ಲಿ ಪಾತ್ರೆಯನ್ನು ಬೆಚ್ಚನೆಯ ಮೂಲೆಯಲ್ಲಿಟ್ಟರಾಯಿತು.

ವಿದ್ಯಾರ್ಥಿಗಳು ನಮ್ಮ ಮಾತನ್ನು ಹಾಗೆಯೇ ನಂಬಬೇಕಾಗಿಲ್ಲ. ಒಂದೇ ಹಿಟ್ಟನ್ನು ಎರಡು ಪಾಲು ಮಾಡಿ, ಎರಡಕ್ಕೂ ಚಿಟಿಕೆ ಅರಿಸಿನ ಹಾಕಿ. ಒಂದಕ್ಕೆ ಧಾರಾಳವಾಗಿ ಸೋಡಾ ಬೆರೆಸಿ ಕೂಡಲೇ ಬೇಯಿಸಿ. ಇನ್ನೊಂದನ್ನು ಬೆಳಗಿನವರೆಗೆ ಇಟ್ಟು ಬೇಯಿಸಿ. ಮೊದಲನೆಯದು ಕೆಂಪಾದರೆ ಅಲ್ಲಿ ಕ್ಷಾರ ಉಳಿದಿದೆಯೆಂದು ಅರಿಸಿನವೇ ಹೇಳುತ್ತದೆ. ಎರಡನೆಯದು ಹಳದಿಯಾಗಿಯೇ ಇರುತ್ತದೆ.

ಈ ಪ್ರಯೋಗವನ್ನು ಹುಡುಗಿಯರಿಗಷ್ಟೇ ಬಿಡದೆ ಹುಡುಗರೂ ಕೈಗೊಳ್ಳಲಿ. ರಾತ್ರಿ ಹಿಟ್ಟು ರುಬ್ಬುವ ಕೆಲಸದಲ್ಲಿಯೂ ಪಾಲುಗೊಳ್ಳಲಿ. ತಾಯಂದಿರು ಕೈಯಳತೆಯಲ್ಲಿ ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಕೆಲಸವೂ ವಿಜ್ಞಾನವೇ ಎಂಬುದು ಆಗ ಅವರಿಗೆ ಪುಸ್ತಕದ ಸಹಾಯವಿಲ್ಲದೆಯೇ ತಿಳಿಯುವುದು.