ಹೆಗಲ ನೋವೂ ಚುಚ್ಚುಮದ್ದೂ

ನೆರವಾಗುವುದಕ್ಕೆ ಕನ್ನಡಿಗರು 'ಹೆಗಲು ಕೊಡುವುದು' ಎನ್ನುತ್ತಾರೆ; ಸಂಸಾರದ ಹೊಣೆಯನ್ನು 'ಹೆಗಲ ಮೇಲಿನ ಹೊರೆ' ಎನ್ನುತ್ತಾರೆ. ಬಾಳಿನ ಭಾರವನ್ನು ಹೊರಬೇಕಾದ ಆ ಹೆಗಲೇ ನೊಂದು ಕುಳಿತರೆ ಮನುಷ್ಯನ ಪಾಡೇನು? ಅಂಗಿಯ ತೋಳಿಗೆ ಕೈ ತೂರಿಸುವುದು, ತಲೆ ಬಾಚುವುದು, ಅಟ್ಟದ ಡಬ್ಬಿಯನ್ನು ಇಳಿಸುವುದು ಇವೆಲ್ಲ ಬೆಟ್ಟ ಹತ್ತಿದಷ್ಟು ಪ್ರಯಾಸವಾಗುತ್ತವೆ. ರಾತ್ರಿ ಆ ಮಗ್ಗುಲಿಗೆ ಹೊರಳಿದೊಡನೆಯೇ ನಿದ್ರೆ ಹಾರಿಹೋಗುತ್ತದೆ.

ಕೋಲಾರದ ಚಿನ್ನದ ಗಣಿಗಳ ಊರಿಗೆ ಇಂಥ ನೋವು ಅಪರಿಚಿತವಾಗಿರಲಾರದು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಭೂಗರ್ಭದಲ್ಲಿ 3 ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿತ್ತು. ಆ ಕಾವಿನಲ್ಲಿ ಬಂಡೆ ಕೊರೆಯುವ ಯಂತ್ರವನ್ನು ತೋಳ್ಬಲದಿಂದ ಒತ್ತಿ ಹಿಡಿದು ದುಡಿದವರು ಅನೇಕರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ದುಡಿದ ಮೈಯ ಸವೆತ ಮಾತ್ರ ಮುಚ್ಚಿಹೋಗಲಿಲ್ಲ. ಮುಂದಿನ ತಲೆಮಾರಿನ ಸಾವಿರಾರು ಮಂದಿ ಮಾರಿಕುಪ್ಪಂನಲ್ಲಿಯೋ ಬಂಗಾರಪೇಟೆಯಲ್ಲಿಯೋ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ಬರುತ್ತಾರೆ. ಕೂರಲು ಎಡೆಯಿಲ್ಲದ ಡಬ್ಬಿಯಲ್ಲಿ ಮೇಲಿನ ಕಂಬಿಯನ್ನು ಹಿಡಿದು ನಿಂತರೆ, ಮೊದಲೇ ನೊಂದ ಹೆಗಲು ಮತ್ತಷ್ಟು ಕೆರಳುತ್ತದೆ.

'ನರ ಎಳೆದಿದೆ' ಎನ್ನುವುದು ರೂಢಿ. ಆದರೆ ಬಹುಮಟ್ಟಿಗೆ ಇಲ್ಲಿ ಕೆಟ್ಟಿರುವುದು ನರವಲ್ಲ. ತೋಳಿನ ಮೂಳೆಯ ಗುಂಡುತಲೆಯನ್ನು ಹೆಗಲಿನ ಆಳವಿಲ್ಲದ ಬಟ್ಟಲಿನಲ್ಲಿ ಹಿಡಿದಿಡುವ ಸ್ನಾಯುಗಳು ನಾಲ್ಕು. ಅವುಗಳನ್ನು ಮೂಳೆಗೆ ಬಿಗಿಯುವ ಹುರಿಗಳೇ ಸ್ನಾಯುರಜ್ಜುಗಳು. ವಯಸ್ಸು, ತೋಳೆತ್ತಿ ಮಾಡುವ ದುಡಿಮೆ, ಬಿದ್ದ ಪೆಟ್ಟು ಇವುಗಳಿಂದ ಹುರಿಯ ಎಳೆಗಳು ಸವೆಯುತ್ತವೆ, ಒಮ್ಮೊಮ್ಮೆ ಹರಿಯುತ್ತವೆ. ಮಾಗುವುದು ಬಹಳ ನಿಧಾನ.

ತಿಂಗಳುಗಟ್ಟಲೆ ನೊಂದವನು 'ಒಂದು ಇಂಜೆಕ್ಷನ್ ಹಾಕಿಬಿಡಿ, ನಾಳೆ ಕೆಲಸಕ್ಕೆ ಹೋಗಬೇಕು' ಎಂದು ವೈದ್ಯರನ್ನು ಬೇಡುವುದು ಸಹಜ. ಆತ ಕೇಳುವುದು ಸಾಮಾನ್ಯವಾಗಿ ಸ್ಟೆರಾಯ್ಡ್ ಮದ್ದನ್ನು. ಈ ವರ್ಗದ ಕಾರ್ಟಿಸೋನ್ ಮುಂತಾದ ಹಾರ್ಮೋನುಗಳ ಸಂಶೋಧನೆಗಾಗಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಎಂಬ ಮೂವರು 1950ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಮದ್ದು ಉರಿಯೂತವನ್ನು ತಣಿಸುತ್ತದೆ. ಅನೇಕರಿಗೆ ಕೆಲವು ವಾರ ನೆಮ್ಮದಿ ದೊರೆಯುತ್ತದೆ. ಆದರೆ ಹರಿದ ಹುರಿಯನ್ನು ಅದು ಹೊಸೆಯಲಾರದು. ನೋವೆಂಬುದು ಮನೆಯ ಕಾವಲು ನಾಯಿಯಿದ್ದಂತೆ. ಅದು ಬೊಗಳುವುದನ್ನು ನಿಲ್ಲಿಸಿದ ಮಾತ್ರಕ್ಕೆ ಕಳ್ಳ ಹೋದನೆಂದು ತಿಳಿಯಲಾಗದು. ನೋವಡಗಿದ ಮರುದಿನವೇ ಮೂಟೆ ಹೊರುವವನು ನೊಂದ ಹುರಿಯನ್ನು ಇನ್ನಷ್ಟು ಹರಿದುಕೊಳ್ಳುವ ಭಯವುಂಟು.

ಮೇಲಿಂದ ಮೇಲೆ ಚುಚ್ಚಿಸಿಕೊಂಡರೆ ಸ್ನಾಯುರಜ್ಜುವೇ ಬಲಗುಂದಬಹುದು. ಸಕ್ಕರೆ ಕಾಯಿಲೆಯವರಲ್ಲಿ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ರೋಗಿಯ ರಕ್ತವನ್ನೇ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಕಣಗಳು ದಟ್ಟವಾದ ಭಾಗವನ್ನು ಹೆಗಲಿಗೆ ಚುಚ್ಚುವ 'ಪಿ.ಆರ್.ಪಿ.' ಎಂಬ ಕ್ರಮವೂ ಈಗ ಬಳಕೆಯಲ್ಲಿದೆ. ಇದರಿಂದ ಗುಣ ಕಂಡವರಿದ್ದಾರೆ; ಆದರೆ ಪರೀಕ್ಷೆಗಳ ಫಲ ಏಕರೂಪವಾಗಿಲ್ಲ, ವೆಚ್ಚವೋ ಸಾವಿರಾರು ರೂಪಾಯಿ. ಸಾಲ ಮಾಡಿ ಇದಕ್ಕೆ ಮುಂದಾಗುವ ಕುಟುಂಬ ಮತ್ತೊಮ್ಮೆ ಯೋಚಿಸುವುದು ಲೇಸು.

ಹಾಗಾದರೆ ಬಡವನಿಗೆ ದಾರಿಯೇನು? 2021ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಬ್ರಿಟನ್ನಿನ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿತು. ಅದರಲ್ಲಿದ್ದ ರೋಗಿಗಳು 708 ಮಂದಿ. ಸ್ಟೆರಾಯ್ಡ್ ಪಡೆದವರಿಗೆ 8 ವಾರಗಳ ಹೊತ್ತಿಗೆ ತುಸು ಹೆಚ್ಚಿನ ಸುಖ ಕಂಡಿತು. ವರುಷ ತುಂಬಿದಾಗ ಪಡೆದವರಿಗೂ ಪಡೆಯದವರಿಗೂ ಗಣನೀಯ ಅಂತರವಿರಲಿಲ್ಲ. ಅದಕ್ಕಿಂತಲೂ ಗಮನಾರ್ಹವಾದುದು ಇನ್ನೊಂದು: ವ್ಯಾಯಾಮ ಚಿಕಿತ್ಸಕರ ಬಳಿಗೆ ಹಲವು ಬಾರಿ ಹೋದವರಿಗೆ ಆದಷ್ಟೇ ಪ್ರಯೋಜನ, ಒಂದೇ ಬಾರಿ ಸರಿಯಾದ ತಿಳಿವಳಿಕೆ ಪಡೆದು ಮನೆಯಲ್ಲಿ ಸಾಧನೆ ಮಾಡಿದವರಿಗೂ ಆಗಿತ್ತು. ನಿತ್ಯ ರೈಲಿನಲ್ಲಿ ಅಲೆಯುವವನಿಗೆ ಇದು ಸಮಾಧಾನದ ಸುದ್ದಿ. ಒಂದು ದಿನದ ಬಿಡುವಿನಲ್ಲಿ ಕ್ರಮವನ್ನು ಕಲಿತು, ಮನೆಯ ಗೋಡೆಯ ಆಸರೆಯಲ್ಲಿಯೇ ಅದನ್ನು ಮುಂದುವರಿಸಬಹುದು.

ನೋವು ಸಹಿಸಲಸಾಧ್ಯವಾಗಿ, ತೋಳನ್ನು ಅಲುಗಿಸಲೂ ಆಗದಿದ್ದಾಗ ಚುಚ್ಚುಮದ್ದಿಗೆ ಅದರದೇ ಸ್ಥಾನವುಂಟು. ಅದು ಕೆಲವು ವಾರಗಳ ಸಾವಕಾಶವನ್ನು ದೊರಕಿಸಿಕೊಡುತ್ತದೆ. ಆ ಸಾವಕಾಶ ವ್ಯಾಯಾಮಕ್ಕೆ ಮೀಸಲಾಗಬೇಕೇ ಹೊರತು ಹಳೆಯ ಹೊರೆಗಲ್ಲ. ಬಿದ್ದ ಮೇಲೆ ತೋಳು ಥಟ್ಟನೆ ಎತ್ತಲಾರದಂತಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹೆಗಲ ನೋವಿನೊಡನೆ ಎದೆ ಬಿಗಿದು ಬೆವರೊಡೆದರೆ ಅದು ಹೃದಯದ ಕರೆಯಿರಬಹುದು. ಒಡನೆಯೇ ಆಸ್ಪತ್ರೆ ಸೇರಬೇಕು.

ಇನ್ನು ಮನೆಯವರ ಪಾಲೂ ಒಂದುಂಟು. ಯಜಮಾನನೋ ಗೃಹಿಣಿಯೋ ಹೆಗಲು ಹಿಡಿದು ಕುಳಿತ ಆ ಕೆಲವು ವಾರಗಳಲ್ಲಿ ನೀರಿನ ಕೊಡವನ್ನೂ ಅಕ್ಕಿಯ ಚೀಲವನ್ನೂ ಉಳಿದವರು ಎತ್ತಿದರೆ, 'ಹೆಗಲು ಕೊಡುವುದು' ಎಂಬ ಮಾತು ಬರಿಯ ಮಾತಾಗದೆ ಅರ್ಧ ಚಿಕಿತ್ಸೆಯೇ ಆದೀತು.